ರಾಮಗಡದ ತಂಪು, ದಾರಿಯ ಕೆಂಧೂಳು

ಜಲಪಾತ ಕಾಣಬೇಕೆಂದು ದೂರದ ಮಲೆನಾಡಿಗೆ ವಾಹನ ಕಟ್ಟಿಸಿಕೊಂಡು ಹೋಗುವ ನಮ್ಮ ಭಾಗದ ಸದ್ಭಕ್ತರು, ಬೆನ್ನ ಹಿಂದೆಯೇ ಇರುವ ಬೆಟ್ಟಗಳನ್ನು ಮರೆತಿರುವುದು ಸೋಜಿಗ. ಬಂಡ್ರಿ, ಸಂಡೂರು, ಹೊಸಪೇಟೆಗಳ ಸೀಮೆಯ ಈ ಗಿರಿಪಂಕ್ತಿ ಒಂದು ಕಾಲಕ್ಕೆ ಆರೋಗ್ಯಧಾಮವೆಂದೇ ಹೆಸರಾಗಿತ್ತು. ಬಳ್ಳಾರಿ ದಂಡಿನ ಬ್ರಿಟಿಷ್ ಸೈನಿಕರ ಚೇತರಿಕೆಗೆಂದು 1846ರಲ್ಲಿ ರಾಮಗಡದ ಮೇಲೆ ವಿಶ್ರಾಂತಿನೆಲೆಯನ್ನು ಏರ್ಪಡಿಸಿದರು. ಸಮುದ್ರಮಟ್ಟದಿಂದ 3,256 ಅಡಿ ಎತ್ತರದ ಆ ನೆತ್ತಿ ಬಳ್ಳಾರಿಯ ಬಯಲಿಗಿಂತ 1,600 ಅಡಿಗಳಷ್ಟು ಮೇಲಿದೆ. ಸಾವಿರ ಅಡಿ ಏರಿದಂತೆ ಉಷ್ಣತೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬೇಸಿಗೆಯ ಬಳ್ಳಾರಿಯಲ್ಲಿ ಬೆಂದವರಿಗೆ ಆ ಮೂರು ಡಿಗ್ರಿಯೂ ಔಷಧವೇ.

ಆದರೆ ಅದೇ ಬೆಟ್ಟಗಳ ಒಡಲಲ್ಲಿ ಕಬ್ಬಿಣದ ಅದಿರಿದೆ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದು, ಮುಂದೆ ನಿಬಂಧನೆಗಳೊಡನೆ ಮರಳಿ ಅನುಮತಿಸಿತು. ಅದಿರಿನ ಲಾರಿ ಓಡುವ ದಾರಿಯ ಗಿಡಗಳ ಎಲೆಗಳು ಹಸಿರಾಗಿರದೆ ಕೆಂಪಾಗಿರುವುದನ್ನು ನೋಡದವರಾರು? ಕಣ್ಣಿಗೆ ಕಾಣುವ ಧೂಳನ್ನು ಮೂಗು ಬಹುಮಟ್ಟಿಗೆ ತಡೆಯುತ್ತದೆ. ಕಾಣದಷ್ಟು ಸೂಕ್ಷ್ಮವಾದುದು ಶ್ವಾಸಕೋಶದ ಆಳಕ್ಕಿಳಿಯುತ್ತದೆ. ಏರು ಹತ್ತುವಾಗ ಉಸಿರಾಟ ಹೆಚ್ಚುವುದರಿಂದ ಒಳಗೆ ಹೋಗುವ ಧೂಳೂ ಹೆಚ್ಚುತ್ತದೆ. ಆದ್ದರಿಂದ ಅದಿರಿನ ದಾರಿಯಲ್ಲಿ ನಡೆಯುವುದು ಆರೋಗ್ಯಕ್ಕೆ ಲಾಭವಲ್ಲ, ನಷ್ಟ. ಆ ಭಾಗವನ್ನು ವಾಹನದಲ್ಲಿ ದಾಟಿ, ಕಾಡಿನ ದಾರಿ ಸಿಕ್ಕಲ್ಲಿ ಇಳಿದು ನಡೆಯಿರಿ. ಉಬ್ಬಸವುಳ್ಳವರು ತಮ್ಮ ಔಷಧವನ್ನು ಜೊತೆಯಲ್ಲೇ ಒಯ್ಯತಕ್ಕದ್ದು.

ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಗಾಂಧೀಜಿ ನುಡಿದರೆಂಬುದು ಇಲ್ಲಿಯ ಮನೆಮಾತು. ಆ ಮಾತಿಗೆ ವೈದ್ಯರೂ ತಲೆದೂಗಬಹುದು: ಮಳೆ ಧೂಳನ್ನು ಕೂರಿಸಿರುತ್ತದೆ, ಬೆಟ್ಟದ ಕೊರಕಲುಗಳಲ್ಲಿ ಸಣ್ಣ ಜಲಧಾರೆಗಳು ಇಳಿಯುತ್ತಿರುತ್ತವೆ. ಜೋಗದ ವೈಭವವನ್ನು ಇಲ್ಲಿ ಬಯಸಬಾರದು, ಅಷ್ಟೆ. ನಾರಿಹಳ್ಳವು ಗುಡ್ಡವನ್ನು ಸೀಳಿ ಹರಿಯುವ ಭೀಮಗಂಡಿಯಲ್ಲಿ ಅರ್ಧ ತಾಸು ಕುಳಿತರೂ ಮನಸ್ಸು ಹಗುರಾಗುತ್ತದೆ. ಕುಮಾರಸ್ವಾಮಿ ಬೆಟ್ಟದ ಮೇಲೆ ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ದೇವಾಲಯವಿದೆ. ಹರಿಶಂಕರ ತೀರ್ಥವೂ ಇದೇ ಗಿರಿಗಳ ಮಡಿಲಿನದು. ತೊರೆಯ ನೀರು ತಿಳಿಯಾಗಿದ್ದರೂ ಕಾಯಿಸದೆ ಕುಡಿಯಬೇಡಿ. ಮನೆಯ ನೀರನ್ನೇ ತಂದುಕೊಳ್ಳಿ.

ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವರ್ಷವಿಡೀ ಗದ್ದುಗೆಯಂಥ ಕುರ್ಚಿ ಬಿಟ್ಟೇಳದವರು ಒಂದೇ ದಿನ ಬೆಟ್ಟ ಹತ್ತಿ ಆ ಲೆಕ್ಕ ತೀರಿಸಹೊರಟರೆ ಮೊಣಕಾಲು ಮುನಿಯುತ್ತದೆ. ಮೂರು ವಾರ ಮೊದಲೇ ಊರ ಕೆರೆಯ ಏರಿಯ ಮೇಲೆ ನಡೆದು ಅಭ್ಯಾಸ ಮಾಡಿಕೊಳ್ಳಿ. ಏರುವಾಗ ಎದೆಗೆ ಭಾರ, ಇಳಿಯುವಾಗ ಮಂಡಿಗೆ ಭಾರ. ಇಳಿಜಾರಿನಲ್ಲಿ ಊರುಗೋಲು ಹಿಡಿಯಲು ನಾಚಿಕೆ ಬೇಡ. ಎದೆ ಬಿಗಿದರೆ, ಎಡದೋಳು ನೋಯುತ್ತಿದ್ದರೆ ಅಲ್ಲಿಯೇ ಕುಳಿತು ಸಹಾಯ ಕೋರಬೇಕು. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳು ಉಪವಾಸವಿದ್ದು ಹತ್ತಬಾರದು. ಜೇಬಿನಲ್ಲೊಂದು ಬೆಲ್ಲದ ತುಣುಕಿರಲಿ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ಹೋಗುವುದೂ ಸಲ್ಲದು, ಇದು ಕರಡಿಗಳ ಸೀಮೆ.

ಆ ಕರಡಿಗಳನ್ನು ನಿರಪಾಯವಾಗಿ ಕಾಣಲು 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮವಿದೆ. ಬೆಟ್ಟ ಹತ್ತಲಾರದ ಹಿರಿಯರನ್ನು ಅಲ್ಲಿಗೆ ಕರೆದೊಯ್ಯಿರಿ. ಬಿಸಿಲು ಇಳಿಮುಖವಾದ ಮೇಲೆ ಕರಡಿಗಳು ಬಂಡೆಗಳ ಮರೆಯಿಂದ ಹೊರಬರುತ್ತವೆ. ವೀಕ್ಷಣಾ ಗೋಪುರದಲ್ಲಿ ಸದ್ದಿಲ್ಲದೆ ಕುಳಿತು ನೋಡಬಹುದು.