ಹಾಲಿದ್ದ ಊರಿಗೆ ಬರ್ಫ ಬಂದ ಕಥೆ

ಬೇಸಿಗೆಯ ಮಟಮಟ ಮಧ್ಯಾಹ್ನ. ಬೈಲಹೊಂಗಲ ತಾಲ್ಲೂಕಿನ ಹಳ್ಳಿಗಳ ಓಣಿಗಳಲ್ಲಿ ರಬ್ಬರ್ ಹಾರ್ನಿನ 'ಪೊಂಯ್ ಪೊಂಯ್' ಸದ್ದು ಕೇಳಿದರೆ ಸಾಕು, ಬಲವಂತಕ್ಕೆ ಮಲಗಿದ್ದ ಮಕ್ಕಳು ಎದ್ದು ಕೂರುತ್ತಾರೆ. 'ಬರ್ಫ ತಿಂದ್ರ ನೆಗಡಿ ಆಕ್ಕೈತಿ' ಎಂದು ಗದರುತ್ತಲೇ ಅಜ್ಜಿಯರು ಸೆರಗಿನ ಗಂಟು ಬಿಚ್ಚುತ್ತಾರೆ. ಹಿಂದೆ ಸೈಕಲ್ಲಿನ ಕ್ಯಾರಿಯರ್ ಮೇಲೆ ಬರುತ್ತಿದ್ದ ಪೆಟ್ಟಿಗೆ ಈಗ ಹೆಚ್ಚಾಗಿ ಮೋಟಾರ್‌ಸೈಕಲ್ ಏರಿದೆ. ಒಳಗಿನ ಸರಕು ಮಾತ್ರ ಅದೇ: ಕೆಂಪು, ಹಸಿರು, ಕಿತ್ತಳೆ ಬಣ್ಣದ ಐಸ್‌ಕ್ಯಾಂಡಿ, ಪ್ಲಾಸ್ಟಿಕ್ ಕೊಳವೆಯಲ್ಲಿ ಹೆಪ್ಪುಗಟ್ಟಿದ ಸಿಹಿನೀರು, ಹಾಲಿನ ಕ್ಯಾಂಡಿ, ಅದೃಷ್ಟವಿದ್ದರೆ ಕುಲ್ಫಿ. ಕೊಳವೆಯ ಸಿಹಿನೀರಿಗೆ ಮಕ್ಕಳು ಇಟ್ಟ ಹೆಸರು 'ಪೆಪ್ಸಿ'. ಆ ಹೆಸರಿನ ಕಂಪನಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಈ ತಾಲ್ಲೂಕಿನ ಸಂಗೊಳ್ಳಿ ನಾಡಿಗೆಲ್ಲ ಗೊತ್ತಿರುವುದು ರಾಯಣ್ಣನಿಂದ. ಜನವರಿಯಲ್ಲಿ ನಡೆಯುವ ಅವನ ಉತ್ಸವಕ್ಕೆ ಬಂದ ಜನ ಚಳಿಗಾಲವೆಂಬುದನ್ನೂ ಮರೆತು ಐಸ್‌ಕ್ರೀಂ ಗಾಡಿಗಳಿಗೆ ಮುತ್ತುತ್ತಾರೆ. ಪಕ್ಕದ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಗೂ ಇದೇ ನೋಟ. ಜಾತ್ರೆ ಎಂದರೆ ಬೆಂಡು-ಬತ್ತಾಸು, ಮಿರ್ಚಿ-ಮಂಡಕ್ಕಿ ಎಂದಿದ್ದ ಪಟ್ಟಿಗೆ ಐಸ್‌ಕ್ರೀಂ ಸೇರಿ ಬಹಳ ಕಾಲವೇನೂ ಆಗಿಲ್ಲ. ಅದು ಅಷ್ಟು ತಡವಾಗಿ ಬಂದದ್ದೇಕೆ ಎಂಬುದು ಕೇಳಬೇಕಾದ ಪ್ರಶ್ನೆ. ಏಕೆಂದರೆ ಐಸ್‌ಕ್ರೀಮಿಗೆ ಬೇಕಾದ ಎರಡು ಮುಖ್ಯ ವಸ್ತುಗಳಲ್ಲಿ ಒಂದಾದ ಹಾಲಿಗೆ ಈ ಸೀಮೆಯಲ್ಲಿ ಎಂದೂ ಬಡತನವಿರಲಿಲ್ಲ.

ಧಾರವಾಡ, ಬೆಳಗಾವಿ, ಬಾಗಲಕೋಟೆ ಸುತ್ತಿನ 'ಧಾರವಾಡಿ' ಎಮ್ಮೆಯನ್ನು 2021ರ ಸುಮಾರಿಗೆ ಪ್ರತ್ಯೇಕ ತಳಿ ಎಂದು ರಾಷ್ಟ್ರಮಟ್ಟದಲ್ಲಿ ಗುರುತಿಸಲಾಯಿತು. ಎಮ್ಮೆ ಹಾಲಿನಲ್ಲಿ ಕೊಬ್ಬು ಸಾಮಾನ್ಯವಾಗಿ ಶೇ 6ರಿಂದ 8. ಆಕಳ ಹಾಲಿನಲ್ಲಿ ಶೇ 4ರ ಆಸುಪಾಸು. ಇಂಥ ಗಟ್ಟಿ ಹಾಲನ್ನು ಬಿಸಿಲ ನಾಡಿನಲ್ಲಿ ಕೆಡದಂತೆ ಉಳಿಸುವುದು ಹೇಗೆ? ಹೆಪ್ಪು ಹಾಕಬೇಕು, ಇಲ್ಲವೇ ಒಲೆಯ ಮೇಲಿಟ್ಟು ನೀರು ಹಾರಿಸಬೇಕು. ಧಾರವಾಡದ ಪೇಢೆ, ಬೆಳಗಾವಿಯ ಕುಂದಾ ಎರಡೂ ಹಾಗೆ ಒಲೆಯಿಂದ ಹುಟ್ಟಿದ ಸಿಹಿಗಳು. ತಂಪಿನಿಂದ ಹಾಲು ಉಳಿಸುವ ದಾರಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ತಂಪು ತರುವುದು ಎಲ್ಲಿಂದ?

ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಅದಾಗಿ ಎರಡು ವರ್ಷಕ್ಕೆ, 1833ರ ಮೇ ತಿಂಗಳಲ್ಲಿ ಅಮೆರಿಕದ ಬೋಸ್ಟನ್ ಬಂದರಿನಿಂದ 'ಟಸ್ಕನಿ' ಎಂಬ ಹಡಗು ಕಲ್ಕತ್ತೆಗೆ ಹೊರಟಿತು. ಅದರ ಹೊಟ್ಟೆಯಲ್ಲಿದ್ದುದು ಹೆಪ್ಪುಗಟ್ಟಿದ ಕೆರೆಗಳಿಂದ ಚಳಿಗಾಲದಲ್ಲಿ ಕೊಯ್ದ ಸುಮಾರು 180 ಟನ್ ಮಂಜುಗಡ್ಡೆ. ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿಯ ಸಾಹಸವದು. ನಾಲ್ಕು ತಿಂಗಳ ಪಯಣದಲ್ಲಿ ಎರಡು ಸಲ ಭೂಮಧ್ಯರೇಖೆ ದಾಟಿ ಬಂದ ಹಡಗಿನಲ್ಲಿ ನೂರು ಟನ್ನಿನಷ್ಟು ಉಳಿದೇ ಇತ್ತು. ಕಲ್ಕತ್ತೆ, ಮುಂಬಯಿ, ಮದ್ರಾಸುಗಳಲ್ಲಿ ಇದಕ್ಕಾಗಿಯೇ ಐಸ್‌ಹೌಸ್‌ಗಳನ್ನು ಕಟ್ಟಿದರು. ಮದ್ರಾಸಿನದು ಈಗ ವಿವೇಕಾನಂದರ ಸ್ಮಾರಕವಾಗಿದೆ. 1870ರ ದಶಕದಲ್ಲಿ ನಮ್ಮಲ್ಲೇ ಮಂಜುಗಡ್ಡೆ ಮಾಡುವ ಯಂತ್ರಗಳು ಬಂದ ಮೇಲೆ ಅಮೆರಿಕದ ಹಿಮದ ವ್ಯಾಪಾರ ಕರಗಿಹೋಯಿತು. ಈ ವೈಭವವೆಲ್ಲ ಬಂದರು ಪಟ್ಟಣಗಳ ದೊರೆಗಳಿಗೆ, ಸಿರಿವಂತರಿಗೆ. ಮಲಪ್ರಭೆಯ ಸೀಮೆಯ ರೈತ ತಂಪು ಎಂದರೆ ಕಂಡದ್ದು ಮಣ್ಣಿನ ಬಿಂದಿಗೆಯ ನೀರು, ಗಡಿಗೆಯ ಮಜ್ಜಿಗೆ.

ಅದಕ್ಕೂ ಮೊದಲು ಮೊಗಲರು ಬೇರೆ ದಾರಿ ಹಿಡಿದಿದ್ದರು. ಅಬುಲ್ ಫಜಲನ 'ಐನ್-ಇ-ಅಕ್ಬರಿ'ಯಲ್ಲಿ ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಹೂಜಿ ಅದ್ದಿ ಕುಡಿಯುವ ನೀರು ತಣಿಸುವ ವಿಧಾನವಿದೆ. ಲಾಹೋರಿಗೆ ಪರ್ವತಗಳಿಂದ ಹಿಮ ತರಿಸುತ್ತಿದ್ದ ವಿವರವೂ ಇದೆ. ಪೆಟ್ಲುಪ್ಪು ನೀರಿನಲ್ಲಿ ಕರಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ತೋಪಿನ ಮದ್ದಿಗೂ ಬೇಕಾಗಿದ್ದುದು ಇದೇ ಪೆಟ್ಲುಪ್ಪು. 1824ರಲ್ಲಿ ಕಲೆಕ್ಟರ್ ಥ್ಯಾಕರೆಯನ್ನು ಉರುಳಿಸಿದ ಕಿತ್ತೂರಿನಲ್ಲಿ ಅದು ಶರಬತ್ತಿಗಿಂತ ಮದ್ದಿಗೇ ಹೆಚ್ಚು ಬೇಕಾಗಿದ್ದರೆ ಆಶ್ಚರ್ಯವಿಲ್ಲ.

ಕಲ್ಲುಪ್ಪಿನ ಕೈವಾಡ

ಮಂಜುಗಡ್ಡೆ ಸಿಕ್ಕರೂ ಐಸ್‌ಕ್ರೀಂ ಸಿಕ್ಕಂತಲ್ಲ. ಬರಿ ಮಂಜುಗಡ್ಡೆಯ ನಡುವೆ ಹಾಲಿನ ಡಬ್ಬಿ ಇಟ್ಟರೆ ಹಾಲು ತಣ್ಣಗಾದೀತು, ಗಟ್ಟಿಯಾಗದು. ಮಂಜುಗಡ್ಡೆ ಕರಗುವುದು ಸೊನ್ನೆ ಡಿಗ್ರಿಯಲ್ಲಿ. ಸಕ್ಕರೆ ಬೆರೆತ ಹಾಲು ಹೆಪ್ಪುಗಟ್ಟಲು ಅದಕ್ಕಿಂತ ಕೆಳಗಿನ ಉಷ್ಣತೆ ಬೇಕು. ಇಲ್ಲಿ ನೆರವಿಗೆ ಬರುವುದು ಅಡುಗೆಮನೆಯ ಕಲ್ಲುಪ್ಪು. ಒಡೆದ ಮಂಜುಗಡ್ಡೆಗೆ ಉಪ್ಪು ಬೆರೆಸಿದರೆ ಅದು ಸೊನ್ನೆಗಿಂತ ಕೆಳಗೂ ಕರಗುತ್ತಲೇ ಇರುತ್ತದೆ. ಕರಗಲು ಬೇಕಾದ ಶಾಖವನ್ನು ನಡುವೆ ಇರುವ ಹಾಲಿನ ಡಬ್ಬಿಯಿಂದಲೇ ಕಿತ್ತುಕೊಳ್ಳುತ್ತದೆ. ಹದ ಸರಿಯಾಗಿದ್ದರೆ ಈ ಮಿಶ್ರಣ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ಇಳಿಯಬಲ್ಲದು. ಕರೆಂಟಿನ ಹಂಗಿಲ್ಲದ ಫ್ರೀಜರ್ ಎಂದರೆ ಇದೇ.

ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ 1843ರಲ್ಲಿ ಪೇಟೆಂಟ್ ಪಡೆದ ಕೈಯಂತ್ರದ ಗುಟ್ಟೂ ಇದೇ. ಮರದ ಬಕೆಟ್ಟಿನಲ್ಲಿ ಉಪ್ಪು-ಮಂಜುಗಡ್ಡೆ, ನಡುವೆ ಲೋಹದ ಡಬ್ಬಿ, ಮೇಲೆ ಹಿಡಿಕೆ. ತಿರುವುತ್ತಾ ಹೋದಂತೆ ಒಳಗಿನ ಹಾಲಿಗೆ ಗಾಳಿ ಸೇರಿ, ನೀರಿನ ಹರಳುಗಳು ದೊಡ್ಡದಾಗದೆ ಮೆತ್ತಗಿನ ಐಸ್‌ಕ್ರೀಂ ಆಗುತ್ತದೆ. ಇಂಥ ಯಂತ್ರವಿದ್ದ ಮನೆಯಲ್ಲಿ ಹಿಡಿಕೆ ತಿರುವಲು ಮಕ್ಕಳ ಸರದಿ ಹಚ್ಚುತ್ತಿದ್ದರು. ಶುರುವಿನಲ್ಲಿ ಎಲ್ಲರೂ ಮುಂದೆ. ಮಿಶ್ರಣ ಬಿಗಿಯಾಗುತ್ತ ಬಂದಂತೆ ಒಬ್ಬೊಬ್ಬರೇ ಮಾಯ.

ಕುಲ್ಫಿಗೆ ತಿರುವುವ ಕೆಲಸವಿಲ್ಲ. ಪಾರಸಿ ಮೂಲದ ಈ ಪದಕ್ಕೆ ಮುಚ್ಚಳವುಳ್ಳ ಬಟ್ಟಲು ಎಂಬ ಅರ್ಥವಿದೆ. ಇಂಗಿಸಿದ ಹಾಲನ್ನು ಸಣ್ಣ ಸಣ್ಣ ಅಚ್ಚುಗಳಿಗೆ ತುಂಬಿ, ಮುಚ್ಚಳದ ಅಂಚಿಗೆ ಗೋದಿ ಹಿಟ್ಟಿನ ಕಣಕ ಮೆತ್ತಿ, ಉಪ್ಪು-ಮಂಜುಗಡ್ಡೆ ತುಂಬಿದ ಗಡಿಗೆಯಲ್ಲಿ ಹುಗಿಯುವುದು ಹಳೆಯ ಕ್ರಮ. ಕಣಕ ಮೆತ್ತುವುದು ಉಪ್ಪುನೀರು ಒಳಗೆ ನುಸುಳದಿರಲೆಂದು. ಒಂದು ಹನಿ ಹೋದರೂ ಇಡೀ ಅಚ್ಚು ಹಾಳು. ತಿರುವದ ಕುಲ್ಫಿಯಲ್ಲಿ ಗಾಳಿಯಿಲ್ಲ. ಹಾಗಾಗಿ ಅದು ಗಟ್ಟಿ, ನಿಧಾನವಾಗಿ ಕರಗುವಂಥದ್ದು. ಹಾಲು ಇಂಗಿ ನೀರು ಕಡಿಮೆಯಾಗಿರುವುದರಿಂದ ಹರಳುಗಳೂ ಕಡಿಮೆ. ಒಂದು ರೀತಿಯಲ್ಲಿ ಒಲೆಯಿಂದ ಹುಟ್ಟಿದ ಕುಂದಾಕ್ಕೂ ಹಿಮದಿಂದ ಹುಟ್ಟಿದ ಐಸ್‌ಕ್ರೀಮಿಗೂ ನಡುವಿನ ಕೊಂಡಿ ಕುಲ್ಫಿ. ಖವೆ ಬಲ್ಲ ಜನರ ನಾಲಿಗೆಗೆ ಅದು ಬೇಗ ಹತ್ತಿದ್ದರಲ್ಲಿ ವಿಶೇಷವಿಲ್ಲ. ಇಂದಿಗೂ ಕರ್ನಾಟಕದ ಅನೇಕ ಪಟ್ಟಣಗಳಲ್ಲಿ ಗಂಟೆ ಬಾರಿಸುತ್ತ ಕುಲ್ಫಿ ಗಾಡಿ ತಳ್ಳುವವರಲ್ಲಿ ರಾಜಸ್ಥಾನದ ಭೀಲ್ವಾಡಾ ಕಡೆಯವರು ಕಾಣಸಿಗುತ್ತಾರೆ.

ಹಳ್ಳಿಯ ಪಾಲಿಗೆ ಬಹುಕಾಲ ತಂಪು ಎಂಬುದು ಪಟ್ಟಣದ ಐಸ್ ಫ್ಯಾಕ್ಟರಿಯಿಂದ ಗೋಣಿ ಹೊದ್ದು ಬರುವ ಸರಕಾಗಿತ್ತು. ನೆರೆಯ ಗೋಕಾಕದಲ್ಲಿ ಜಲಪಾತದ ನೀರಿನಿಂದ 19ನೇ ಶತಮಾನದ ಕೊನೆಯ ಭಾಗದಲ್ಲೇ ವಿದ್ಯುತ್ ಹುಟ್ಟಿತಾದರೂ ಅದು ಗಿರಣಿಗೆ ಸಂದಿತು. ಬಡವರ ಮನೆಗೆ ಕರೆಂಟು ಮುಟ್ಟಿಸಿದ ಭಾಗ್ಯಜ್ಯೋತಿ ಯೋಜನೆ 1979ರ ಹೊತ್ತಿನದು. ಅದೂ ಮನೆಗೊಂದು ದೀಪದ ಲೆಕ್ಕ. ಪಂಪ್‌ಸೆಟ್ಟಿಗೂ ಮನೆಗೂ ಒಂದೇ ತಂತಿಯಲ್ಲಿ ಕರೆಂಟು ಬಂದು ಹೋಗುತ್ತಿದ್ದ ಕಾಲದಲ್ಲಿ ಹಳ್ಳಿಯ ಅಂಗಡಿಯವನು ಐಸ್‌ಕ್ರೀಂ ಇಡುವ ಧೈರ್ಯ ಮಾಡುವುದು ಹೇಗೆ? ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಐಸ್‌ಕ್ರೀಮಿನಲ್ಲಿ ಹರಳು ದಪ್ಪವಾಗಿ ಬಾಯಿಗೆ ಮರಳಿನಂತೆ ಕರಕರ ಎನ್ನುತ್ತದೆ. 2010ರ ಆಸುಪಾಸಿನಲ್ಲಿ ಆರಂಭವಾದ ನಿರಂತರ ಜ್ಯೋತಿ ಯೋಜನೆಯಲ್ಲಿ ಹೊಲದ ತಂತಿ, ಮನೆಯ ತಂತಿ ಬೇರೆಯಾದವು. ಹಳ್ಳಿಯ ಕಿರಾಣಿ ಅಂಗಡಿಯ ಮೂಲೆಯಲ್ಲಿ ಗಾಜಿನ ಮುಚ್ಚಳದ ಫ್ರೀಜರ್ ನಿಲ್ಲಲು ದಾರಿಯಾಯಿತು.

ಹೀಗೆ ತಂಪು ಬಂತು. ಆದರೆ ತಂಪು ಬರುವ ಹೊತ್ತಿಗೆ ಹಾಲು ಹೊರಟಿತ್ತು.

ಅಂಗಡಿಯ ಫ್ರೀಜರಿನಲ್ಲಿರುವ ಕಪ್ಪು, ಕೋನುಗಳ ಮೇಲಿನ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸ ಬಹಳ ಜನರಿಗಿಲ್ಲ. ಓದಿದರೆ ಕೆಲವದರ ಮೇಲೆ 'ಐಸ್‌ಕ್ರೀಂ' ಎಂದಿರುತ್ತದೆ, ಕೆಲವದರ ಮೇಲೆ 'ಫ್ರೋಜನ್ ಡೆಸರ್ಟ್' ಎಂದು. ಕಾನೂನಿನ ಪ್ರಕಾರ ಇವೆರಡೂ ಬೇರೆ ಬೇರೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ ಸಾಮಾನ್ಯ ಐಸ್‌ಕ್ರೀಮಿನಲ್ಲಿ ಹಾಲಿನ ಕೊಬ್ಬು ಕನಿಷ್ಠ ಶೇ 10 ಇರಬೇಕು. ಕುಲ್ಫಿಗೂ ಇದೇ ಮಾನದಂಡ. ಫ್ರೋಜನ್ ಡೆಸರ್ಟಿನಲ್ಲಿ ಹಾಲಿನ ಪುಡಿ ಇರಬಹುದು, ಕೊಬ್ಬು ಮಾತ್ರ ತಾಳೆ ಎಣ್ಣೆಯಂಥ ಸಸ್ಯಜನ್ಯ ಎಣ್ಣೆಯದು. ಎಣ್ಣೆ ಅಗ್ಗ, ಹಾಲಿನ ಕೆನೆ ತುಟ್ಟಿ. ಲೆಕ್ಕ ಅಷ್ಟೇ ಸರಳ. ಈ ಎರಡರ ವ್ಯತ್ಯಾಸವನ್ನು ಸಾರುವ ಜಾಹೀರಾತಿನ ಬಗ್ಗೆ ದೇಶದ ಎರಡು ದೊಡ್ಡ ಸಂಸ್ಥೆಗಳಾದ ಹಿಂದೂಸ್ತಾನ್ ಯೂನಿಲಿವರ್ ಮತ್ತು ಅಮುಲ್ 2017ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಎದುರುಬದುರಾದವು. ಆ ಜಾಹೀರಾತನ್ನು ಕೋರ್ಟು ತಡೆಯಿತು. ಫ್ರೋಜನ್ ಡೆಸರ್ಟ್ ಮಾರುವುದು ತಪ್ಪಲ್ಲ, ಅದು ವಿಷವೂ ಅಲ್ಲ. ಆದರೆ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ರೈತನ ಮಗ ಸಂಜೆ ಅಂಗಡಿಯಲ್ಲಿ ಎಣ್ಣೆಯ ಕೋನನ್ನು ಐಸ್‌ಕ್ರೀಂ ಎಂದು ತಿಳಿದು ಕೊಳ್ಳುವುದರಲ್ಲಿ ಒಂದು ವ್ಯಂಗ್ಯವಿದೆ. ಗಾಳಿಯ ಮಾತೂ ಇದೆ. ಒಂದು ಲೀಟರ್ ಐಸ್‌ಕ್ರೀಂ ಕನಿಷ್ಠ 525 ಗ್ರಾಂ ತೂಗಬೇಕೆಂಬುದು ನಿಯಮ. ಅಂದರೆ ಡಬ್ಬಿಯ ಸುಮಾರು ಅರ್ಧದಷ್ಟು ಗಾಳಿ ತುಂಬಲು ಕಾನೂನಿನ ಒಪ್ಪಿಗೆಯೇ ಇದೆ.

ಹಾಗಾದರೆ ಊರ ಸಣ್ಣ ತಯಾರಕರೇ ಮೇಲೆಂದು ಕಣ್ಣುಮುಚ್ಚಿ ಹೇಳುವಂತೆಯೂ ಇಲ್ಲ. 2025ರ ಬೇಸಿಗೆಯ ಆರಂಭದಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಸ್ಥಳೀಯ ಐಸ್‌ಕ್ರೀಂ, ಐಸ್‌ಕ್ಯಾಂಡಿ ಘಟಕಗಳನ್ನು ತಪಾಸಣೆ ಮಾಡಿ ಹಲವಕ್ಕೆ ನೋಟಿಸ್ ಕೊಟ್ಟರು. ಶುಚಿತ್ವದ ಕೊರತೆ, ಮಿತಿಮೀರಿದ ಬಣ್ಣ ಕಂಡುಬಂದ ದೂರುಗಳಲ್ಲಿ ಸೇರಿದ್ದವು. ಹೆಪ್ಪುಗಟ್ಟಿದ್ದರಲ್ಲಿ ರೋಗಾಣು ಸಾಯುತ್ತದೆಂಬ ನಂಬಿಕೆ ತಪ್ಪು. ಅನೇಕ ರೋಗಾಣುಗಳು ತಂಪಿನಲ್ಲಿ ಸುಮ್ಮನೆ ಮಲಗಿರುತ್ತವೆ, ಹೊಟ್ಟೆ ಸೇರಿದ ಮೇಲೆ ಎದ್ದು ಕೂರುತ್ತವೆ. ಮೀನು, ಔಷಧ ತಣಿಸಲು ಮಾಡಿದ ಮಂಜುಗಡ್ಡೆ ಗೋಲಾ ಅಂಗಡಿ ಸೇರಬಾರದೆಂದೇ 2018ರಲ್ಲಿ ಅಂಥ ಮಂಜುಗಡ್ಡೆಗೆ ನೀಲಿ ಬಣ್ಣ ಬೆರೆಸಲು ಪ್ರಾಧಿಕಾರ ಸೂಚಿಸಿತು.

ಸಣ್ಣವರ ಪಾಡೂ ಸಣ್ಣದಲ್ಲ. 1997ರವರೆಗೆ ಐಸ್‌ಕ್ರೀಂ ತಯಾರಿಕೆ ಸಣ್ಣ ಕೈಗಾರಿಕೆಗಳಿಗೆ ಮೀಸಲಾಗಿತ್ತು. ಆ ಬೇಲಿ ತೆಗೆದ ಮೇಲೆ ದೊಡ್ಡ ಕಂಪನಿಗಳಿಗೆ ಬಾಗಿಲು ಪೂರ್ತಿ ತೆರೆಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಚಿಕ್ಕ ಉದ್ಯಮಿಗಳಿಗೆಂದು ಸುಲಭ ತೆರಿಗೆಯ ಕಾಂಪೋಸಿಷನ್ ವ್ಯವಸ್ಥೆ ಮಾಡಿದ ಸರ್ಕಾರ, ಪಾನ್ ಮಸಾಲೆ ಮತ್ತು ತಂಬಾಕು ತಯಾರಕರ ಜೊತೆ ಐಸ್‌ಕ್ರೀಂ ತಯಾರಕರನ್ನೂ ಅದರಿಂದ ಹೊರಗಿಟ್ಟಿತು. ಗುಟ್ಕಾದ ಸಾಲಿನಲ್ಲಿ ಕುಲ್ಫಿ ನಿಂತದ್ದು ವಿಚಿತ್ರವೇ. ಶೇ 18 ಇದ್ದ ತೆರಿಗೆ ಶೇ 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಿಂದ.

ಇಷ್ಟರ ನಡುವೆಯೂ ಊರ ರುಚಿಯನ್ನೇ ಬಂಡವಾಳ ಮಾಡಿಕೊಂಡು ಗೆದ್ದವರು ರಾಜ್ಯದ ಕರಾವಳಿಯಲ್ಲಿದ್ದಾರೆ. ಮಂಗಳೂರಿನ 'ಐಡಿಯಲ್' 1975ರಲ್ಲಿ ಒಂದು ಚಿಕ್ಕ ಅಂಗಡಿಯಾಗಿ ಹುಟ್ಟಿತು. ಎತ್ತರದ ಗ್ಲಾಸಿನಲ್ಲಿ ಹಣ್ಣು, ಜೆಲ್ಲಿ, ಗೋಡಂಬಿಯನ್ನು ಐಸ್‌ಕ್ರೀಂ ನಡುವೆ ಪೇರಿಸುವ 'ಗಡ್‌ಬಡ್' ತಮ್ಮದೆಂದು ಮಂಗಳೂರು, ಉಡುಪಿ ಎರಡೂ ಹೇಳಿಕೊಳ್ಳುತ್ತವೆ. ಮೂಲ್ಕಿಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತರು 1984ರಲ್ಲಿ ಮುಂಬಯಿಯ ಜುಹೂದಲ್ಲಿ 'ನ್ಯಾಚುರಲ್ಸ್' ತೆರೆದು ಹಾಲು, ಸಕ್ಕರೆ, ಹಣ್ಣು ಇಷ್ಟನ್ನೇ ನೆಚ್ಚಿಕೊಂಡರು. ಎಳನೀರು, ಸೀತಾಫಲ, ಚಿಕ್ಕುವಿನ ಐಸ್‌ಕ್ರೀಮಿಗೆ ಮಹಾನಗರ ಸಾಲು ನಿಂತಿತು. 2024ರಲ್ಲಿ ಅವರು ತೀರಿಕೊಂಡಾಗ ಇಡೀ ದೇಶದ ಪತ್ರಿಕೆಗಳು ಅವರನ್ನು ನೆನೆದವು. ಚಿಕ್ಕುವಾಗಲಿ ಹಾಲಾಗಲಿ ಬೆಳಗಾವಿ ಸೀಮೆಗೆ ಹೊಸದೇನಲ್ಲ.

ಮನೆಯಲ್ಲಿ ಮಾಡಿಕೊಳ್ಳುವುದಾದರೆ ಇಂದು ಉಪ್ಪು-ಗಡಿಗೆಯ ಗೋಜೂ ಇಲ್ಲ. ಒಂದು ಲೀಟರ್ ಎಮ್ಮೆ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲಿಟ್ಟು, ಬದಿಗೆ ಕಟ್ಟಿದ ಕೆನೆಯನ್ನು ಕೆರೆದು ಕೆರೆದು ಹಾಲಿಗೇ ಸೇರಿಸುತ್ತ, ಅರ್ಧಕ್ಕಿಂತ ಕಡಿಮೆಯಾಗುವವರೆಗೆ ಇಂಗಿಸಬೇಕು. ತಾಳ್ಮೆ ಬೇಕಾದದ್ದು ಇಲ್ಲಿಯೇ. ಅವಸರ ಮಾಡಿದರೆ ತಳ ಹತ್ತಿ ಸೀದ ವಾಸನೆ ಬರುತ್ತದೆ, ಅದನ್ನು ಯಾವ ಏಲಕ್ಕಿಯೂ ಮುಚ್ಚಲಾರದು. ಆಮೇಲೆ ಸಕ್ಕರೆ, ಏಲಕ್ಕಿ, ಇದ್ದರೆ ಒಂದು ಮುಷ್ಟಿ ಖವೆ. ಪೂರ್ತಿ ಆರಿದ ಮೇಲೆ ಸ್ಟೀಲ್ ಲೋಟಗಳಿಗೆ ಸುರಿದು, ಬಾಯಿ ಭದ್ರವಾಗಿ ಮುಚ್ಚಿ ರಾತ್ರಿಯಿಡೀ ಫ್ರೀಜರಿನಲ್ಲಿಡುವುದು. ಆಯಿತೇ ಎಂದು ಗಳಿಗೆಗೊಮ್ಮೆ ಬಾಗಿಲು ತೆರೆದು ನೋಡುವ ಮಕ್ಕಳಿದ್ದರೆ ರಾತ್ರಿ ಸಾಲದು. ಸಕ್ಕರೆ ಹೆಚ್ಚಾದರೂ ಗಟ್ಟಿಯಾಗುವುದಿಲ್ಲ.

ಕಬ್ಬಿನ ಸೀಮೆಯಾದ್ದರಿಂದ ಸಕ್ಕರೆಗೆ ಬದಲು ಬೆಲ್ಲ ಹಾಕುವ ಆಸೆ ಕೆಲವರಿಗೆ. ಹಾಕಬಹುದು, ಆದರೆ ಕುದಿಯುವ ಹಾಲಿಗಲ್ಲ. ಬೆಲ್ಲದ ಹುಳಿಗೆ ಹಾಲು ಒಡೆಯುತ್ತದೆ. ಬೆಲ್ಲವನ್ನು ಬೇರೆಯೇ ಕರಗಿಸಿ, ಸೋಸಿ, ಹಾಲೂ ಪಾಕವೂ ತಣ್ಣಗಾದ ಮೇಲೆ ಬೆರೆಸಬೇಕು. ಬಣ್ಣ ಅಷ್ಟೇನೂ ಚೆಂದ ಬರುವುದಿಲ್ಲ, ಕೆರೆಯ ರಾಡಿನೀರಿನಂತೆ ಕಾಣುತ್ತದೆ. ತಿನ್ನುವವರು ಬಣ್ಣದ ಮಾತೆತ್ತುವುದು ಕಡಿಮೆ.