ಬುತ್ತಿಯ ಗಂಟು

ನಮ್ಮ ಗೋಕಾಕ-ಮೂಡಲಗಿಯ ಸೀಮೆಯಲ್ಲಿ ಮಗಳನ್ನು ಗಂಡನ ಮನೆಗೆ ಕಳುಹುವಾಗ ಬುತ್ತಿಯ ಗಂಟನ್ನು ಕಟ್ಟಿಕೊಡುವ ರೂಢಿಯುಂಟು. ಸಜ್ಜೆಯ ರೊಟ್ಟಿ, ಶೇಂಗಾದ ಹಿಂಡಿ, ಹೋಳಿಗೆ ಎಲ್ಲವೂ ಅದರಲ್ಲಿರುವವು. ಹೋಳಿಗೆಯೊಡನೆ ಹಾಲು-ತುಪ್ಪವನ್ನು ಮಾತ್ರ ಕಟ್ಟುವದಿಲ್ಲ. ಅವು ಬೀಗರ ಮನೆಯಲ್ಲಿ ಇದ್ದೇ ಇರುವವೆಂಬ ಭರವಸೆ. ಗಣಕಯಂತ್ರಕ್ಕೆ ತಂತ್ರಾಂಶವು ಬಂದು ಸೇರುವ ಬಗೆಯೂ ಇಂಥದೇ. ಈ ಮಾತು ನನಗೆ ಮನವರಿಕೆಯಾದುದು ಒಬ್ಬ ವಿದ್ಯಾರ್ಥಿನಿಯ ದೆಸೆಯಿಂದ.

ನಾಗನೂರದ ನಮ್ಮ ಮನೆಗೆ ಒಂದು ಸಂಜೆ ಆಕೆ ಪೆನ್ ಡ್ರೈವ್ ಒಂದನ್ನು ಹಿಡಿದುಕೊಂಡು ಬಂದಳು. ತನ್ನ ಅಜ್ಜಿ ಹಾಡುತ್ತಿದ್ದ ಬೀಸುವ ಕಲ್ಲಿನ ಹಾಡುಗಳನ್ನು ಬರೆದುಕೊಂಡು, ಗೋಕಾಕದ ಅಂಗಡಿಯೊಂದರಲ್ಲಿ ಟೈಪು ಮಾಡಿಸಿದ್ದಳು. ಬರೆದಿಟ್ಟ ವಹಿಯು 2019ರ ಆಗಸ್ಟದ ಘಟಪ್ರಭೆಯ ಮಹಾಪೂರದಲ್ಲಿ ಹೋಯಿತು. ಅಜ್ಜಿಯೂ ಈಗಿಲ್ಲ. ಆ ಅಂಗಡಿಯೂ ಮುಚ್ಚಿಹೋಗಿದೆ.

"ಸರ್, ನಮ್ಮ ಆಯೀ ಹಾಡೆಲ್ಲಾ ಇದರಾಗ ಅದಾವ್ರಿ. ಆದ್ರ ತೆರೆದ್ರ ಬರೇ ಇಂಗ್ಲಿಷ್ ಅಕ್ಷರಾನ ಬರತಾವ್ರಿ" ಎಂದಳು.

"ತಡಿಯವಾ, ನೋಡೋಣು" ಎಂದೆ. ಕಡತವನ್ನು ತೆರೆದರೆ ಕಂಡದ್ದು ರೋಮನ್ ಲಿಪಿಯ ಅಕ್ಷರಗಳ ಗೊಂದಲ. ನಡುನಡುವೆ ಅರ್ಥವಿಲ್ಲದ ಚಿಹ್ನೆಗಳು. ಒಂದು ಪದವೂ ಓದಬರುವಂತಿರಲಿಲ್ಲ.

ಹಾಡುಗಳು ಅಳಿದಿರಲಿಲ್ಲ. ಅವನ್ನು ಕಟ್ಟಿದ್ದು 'ನುಡಿ'ಯಲ್ಲಿ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಹೊರಬಂದಿತು; ಕನ್ನಡ ಗಣಕ ಪರಿಷತ್ತಿನ 'ನುಡಿ' ಅದರ ತರುವಾಯ ಸರಕಾರಿ ಕಚೇರಿಗಳಲ್ಲಿಯೂ ಟೈಪಿನ ಅಂಗಡಿಗಳಲ್ಲಿಯೂ ಬೇರೂರಿತು. ಇವುಗಳ ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ರೂಪಗಳನ್ನು ಕೂಡಿಸಿದ್ದವು. ಆ ಫಾಂಟು ಇದ್ದ ಯಂತ್ರದಲ್ಲಿ ಅದು ಕನ್ನಡ. ಇಲ್ಲದ ಯಂತ್ರದಲ್ಲಿ ಗೊಂದಲ. ನಮ್ಮ ಹುಡುಗಿ ಹೋಳಿಗೆಯನ್ನು ತಂದಿದ್ದಳು. ನನ್ನ ಮನೆಯಲ್ಲಿ ತುಪ್ಪವಿರಲಿಲ್ಲ.

ಹಾಗಾದರೆ 'ನುಡಿ'ಯನ್ನು ತರಿಸಿದರಾಯಿತಲ್ಲವೆ? ನಾನು ಅವಸರಪಟ್ಟೆ. ಹುಡುಕಿದಾಗ ಮೊದಲು ಕಂಡ ಯಾವದೋ ಗುರುತಿಲ್ಲದ ತಾಣದಿಂದ ಗಂಟೊಂದನ್ನು ಇಳಿಸಿಕೊಂಡು, ಕೇಳಿದುದಕ್ಕೆಲ್ಲ 'ಹೂಂ' ಎನ್ನುತ್ತ ಗುಂಡಿಗಳನ್ನು ಒತ್ತಿದೆ. 'ನುಡಿ' ಬರಲಿಲ್ಲ, ಬದಲಾಗಿ ಕರೆಯದ ಅತಿಥಿಗಳಿಬ್ಬರು ಬಂದು ಜಾಹೀರಾತುಗಳನ್ನು ಹರಡಿಕೊಂಡು ಕುಳಿತರು. ಅವರನ್ನು ಹೊರಹಾಕುವಷ್ಟರಲ್ಲಿ ರಾತ್ರಿ ಹನ್ನೊಂದಾಯಿತು. ಹುಡುಗಿಯ ಪೆನ್ ಡ್ರೈವನ್ನು ಮೊದಲೇ ತೆಗೆದಿಟ್ಟಿದ್ದೆನೆಂಬುದೊಂದೇ ಸಮಾಧಾನ.

ಆ ಬಳಿಕವೇ ಈ ಗಂಟುಗಳ ಒಳಗನ್ನು ಅರಿಯುವ ಬುದ್ಧಿ ಬಂದಿತು. 'ಸೆಟಪ್' ಎಂಬ ಒಂದೇ ಕಡತವು ಹೊರನೋಟಕ್ಕೆ ಒಂದಾದರೂ ಒಳಗೆ ಹತ್ತಾರು ಕಡತಗಳನ್ನು ಒತ್ತಿ ಮಡಿಚಿಟ್ಟುಕೊಂಡಿರುತ್ತದೆ. ಜೊತೆಗೆ ಯಾವುದನ್ನು ಎಲ್ಲಿಡಬೇಕೆಂಬ ಪಟ್ಟಿಯೂ ಇರುತ್ತದೆ. ವಿಂಡೋಸಿನಲ್ಲಿ ಮುಖ್ಯ ಕಡತಗಳು ಒಂದು ಕೋಣೆಗೆ, ಫಾಂಟುಗಳು ಫಾಂಟುಗಳ ಕೋಣೆಗೆ ಹೋಗುವವು. ಬಂದವರ ಹೆಸರು ರಿಜಿಸ್ಟ್ರಿ ಎಂಬ ದಫ್ತರದಲ್ಲಿ ದಾಖಲಾಗುವದು. ಒಳ್ಳೆಯ ಗಂಟು ತಾನು ಇಟ್ಟುದನ್ನೆಲ್ಲ ಲೆಕ್ಕವಿಟ್ಟು, ಬೇಡವಾದಾಗ ತೆಗೆದುಕೊಂಡು ಹೋಗುವ ದಾರಿಯನ್ನೂ ಬಿಟ್ಟಿರುತ್ತದೆ. ನಮ್ಮ ಜನ ಇದನ್ನೆಲ್ಲ "ನುಡಿ ಹಾಕಿಕೊಡ್ರಿ" ಎಂಬ ಎರಡೇ ಮಾತಿನಲ್ಲಿ ಮುಗಿಸುತ್ತಾರೆ.

ಗಂಟು ಕಟ್ಟಿದವರಾರೆಂದು ತಿಳಿಯಲು ಅದಕ್ಕೆ ಡಿಜಿಟಲ್ ಸಹಿಯನ್ನು ಹಾಕುವದುಂಟು. ಇನ್ನೊಂದು ಉಪಾಯ, ಇಡೀ ಕಡತದಿಂದ ಲೆಕ್ಕ ಹಾಕಿದ 64 ಅಕ್ಷರ-ಅಂಕಿಗಳ ಮುದ್ರೆ. ದಾರಿಯಲ್ಲಿ ಕಡತದ ಒಂದು ಅಕ್ಷರ ಬದಲಾದರೂ ಮುದ್ರೆಯು ಪೂರ್ತಿ ಬೇರೆಯಾಗುವದು. ಗೋಕಾಕದ ಕರದಂಟನ್ನು ಕೊಳ್ಳುವಾಗ ಡಬ್ಬಿಯ ಮೇಲಿನ ಅಂಗಡಿಯ ಹೆಸರನ್ನು ನೋಡುವ ನಾವು ಇಲ್ಲಿ ಮಾತ್ರ ಏಕೆ ನೋಡುವದಿಲ್ಲವೋ!

1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಮುಕ್ತ ವ್ಯವಸ್ಥೆಯವರು ಈ ಕಲೆಯನ್ನು ಇನ್ನೂ ಮುಂದಕ್ಕೊಯ್ದರು. ಅವರ ಪ್ರತಿಯೊಂದು ಗಂಟಿನಲ್ಲಿಯೂ ತನಗೆ ಬೇರೆ ಯಾವ ಗಂಟುಗಳು ಬೇಕೆಂದು ಬರೆದಿರುತ್ತದೆ. ಇಲ್ಲದಿದ್ದುದನ್ನು ವ್ಯವಸ್ಥೆಯೇ ತಮ್ಮ ಕಣಜದಿಂದ ತರಿಸುತ್ತದೆ. ಕನ್ನಡದ 'ಗುಬ್ಬಿ', 'ನವಿಲು' ಎಂಬ ಫಾಂಟುಗಳೂ ಆ ಕಣಜದಲ್ಲಿವೆ. ಅಲ್ಲಿ ತುಪ್ಪದ ಚಿಂತೆ ತವರಿನದು. ಆದರೆ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಸರಿಯಾಗಿ ಮೂಡಬೇಕಾದರೆ ಒಂದು ಚೌಕಕ್ಕೆ ಗುರುತು ಹಾಕಿ, ಮೂಲ ಸೀಡಿಯನ್ನು ಕೇಳಿದಾಗ ಒದಗಿಸಬೇಕಾಗುತ್ತಿತ್ತು. ಸೀಡಿಯಿಲ್ಲದ ಮನೆಗಳಲ್ಲಿ ಕನ್ನಡವು ಹೊಸ್ತಿಲಲ್ಲೇ ನಿಂತುಬಿಡುತ್ತಿತ್ತು.

ಮರುದಿನ ನಿಜವಾದ 'ನುಡಿ'ಯನ್ನು ಹುಡುಕಿ, ನಿಧಾನವಾಗಿ ಓದಿ ಓದಿ ಒಳಗೆ ಕರೆದೆ. ಕಡತವನ್ನು ತೆರೆದೆ. ಗೊಂದಲವೆಲ್ಲ ಕ್ಷಣದಲ್ಲಿ ಕರಗಿ ಹಾಡುಗಳು ಸಾಲುಸಾಲಾಗಿ ಎದ್ದು ನಿಂತವು. ಹುಡುಗಿ ಪರದೆಗೆ ಕೈಮುಟ್ಟಿಸಿ ಮೆಲ್ಲನೆ ಓದತೊಡಗಿದಳು. ಓದು ಯಾವಾಗ ಹಾಡಾಯಿತೆಂಬುದು ತಿಳಿಯಲಿಲ್ಲ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. 1991ರ ಯೂನಿಕೋಡಿನ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆಯುಂಟು. ಹಾಡುಗಳನ್ನು ಅಲ್ಲಿಗೆ ಪರಿವರ್ತಿಸಿದೆವು. ಅರ್ಕಾವೊತ್ತು ಹಳೆಯ ಕಟ್ಟಿನಲ್ಲಿ ಅಕ್ಷರದ ಹಿಂದೆ ಬರುವದು, ಯೂನಿಕೋಡಿನಲ್ಲಿ ರಕಾರವು ಮುಂದೆ ಬರಬೇಕು; ಅಲ್ಲಲ್ಲಿ ಎಡವಿದ ಪದಗಳನ್ನು ಇಬ್ಬರೂ ಕುಳಿತು ತಿದ್ದಿದೆವು. ತಿದ್ದುವಾಗ ಆಕೆಗೆ ಕಡತದ ನೆರವು ಬೇಕಾಗಲಿಲ್ಲ. ಆಯಿಯ ದನಿಯೇ ಸಾಕಾಯಿತು.

ಸಾಹಿತ್ಯವನ್ನು ಉಳಿಸುವದೆಂದರೆ ಬರೆದಿಡುವದು ಎಂದೇ ನಾನು ತರಗತಿಗಳಲ್ಲಿ ಹೇಳುತ್ತ ಬಂದವನು. ಈಗ ಇನ್ನೊಂದು ಮಾತನ್ನು ಸೇರಿಸುತ್ತೇನೆ: ಬರೆದುದನ್ನು ಓದಲು ಏನೇನು ಬೇಕೆಂಬುದನ್ನೂ ಗಂಟಿನಲ್ಲಿ ಬರೆದಿಡಿರಿ. ಬೀಗರ ಮನೆಯಲ್ಲಿ ತುಪ್ಪವಿದ್ದೇ ಇರುವದೆಂದು ನಂಬುವ ಕಾಲ ಇದಲ್ಲ.