ಹೆಣ್ಣು ಮೀನು ಆರಿಸುವ ಬಗೆ



ಕೆರೆಗೆ ಹೊಸ ನೀರು ಬಂದಾಗ ಸಾಮಾನ್ಯ ಗೆಂಡೆ ಮೀನು ಅಂಚಿನ ಜೊಂಡಿನಲ್ಲಿ ಹೊರಳಾಡೋದನ್ನು ತಾವು ನೋಡಿರಬಹುದು. ಮುಂದೆ ಹೆಣ್ಣು, ಹಿಂದೆ ಎರಡು ಮೂರು ಗಂಡು. ಅದು ಮೊಟ್ಟೆ ಚೆಲ್ಲುತ್ತದೆ, ಇವು ವೀರ್ಯ ಚೆಲ್ಲುತ್ತವೆ. ಯಾವುದಕ್ಕೆ ಯಾವುದು ಕೂಡಿತೋ ಗಂಗಮ್ಮನಿಗೇ ಗೊತ್ತು ಅಂತೀವಿ. ಅದು ಪೂರ್ತಿ ನಿಜವಲ್ಲ.

ಗೆಂಡೆಯ ಮೊಟ್ಟೆಗೆ ಒಂದೇ ಒಂದು ಸಣ್ಣ ತೂತು. ವೀರ್ಯಾಣು ಒಳಗೆ ಹೋಗಬೇಕಾದ್ದು ಅದರಿಂದಲೇ. ನೀರಿಗೆ ಬಿದ್ದ ಮೇಲೆ ಅದು ಈಜುವುದು ಸುಮಾರು ಒಂದು ನಿಮಿಷ, ಅಷ್ಟೇ. ಇನ್ನು ಮೊಟ್ಟೆಯ ಜೊತೆ ಹೆಣ್ಣಿನಿಂದ ಬರುವ ಲೋಳೆನೀರು ಇದೆಯಲ್ಲ, ಹಲವು ಜಾತಿ ಮೀನುಗಳಲ್ಲಿ ಅದು ಒಂದು ಗಂಡಿನ ವೀರ್ಯಾಣುವಿಗೆ ಹೆಚ್ಚು ಓಟ ಕೊಡುತ್ತದೆ, ಇನ್ನೊಂದಕ್ಕೆ ಕಡಿಮೆ.

ಇದು ಚೆನ್ನಾಗಿ ತಿಳಿದಿರೋದು ಗಪ್ಪಿಯಲ್ಲಿ. ಸೊಳ್ಳೆಮರಿ ತಿನ್ನಲಿ ಅಂತ ಬಾವಿಗೆ, ತೊಟ್ಟಿಗೆ ಬಿಡ್ತಾರಲ್ಲ, ಅದೇ ಮೀನು. ಇದು ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ. ತೊಟ್ಟಿಯಲ್ಲಿ ಒಂದೇ ಹೆಣ್ಣಿದ್ದರೂ ತಿಂಗಳುಗಟ್ಟಲೆ ಮರಿ ಹಾಕ್ತಾ ಇರುತ್ತದೆ. ವೀರ್ಯವನ್ನು ಒಳಗೇ ಕೂಡಿಟ್ಟುಕೊಂಡಿರುತ್ತದೆ. ಇಟಲಿಯ ವಿಜ್ಞಾನಿಗಳು ಅಣ್ಣನ ವೀರ್ಯ, ಹೊರಗಿನ ಗಂಡಿನ ವೀರ್ಯ, ಎರಡನ್ನೂ ಸಮನಾಗಿ ಒಂದೇ ಹೆಣ್ಣಿಗೆ ಸೇರಿಸಿ ನೋಡಿದರು. 2011ರಲ್ಲಿ ಪ್ರಕಟವಾದ ಫಲ ಏನಪ್ಪಾ ಅಂದರೆ, ಹೊರಗಿನ ಗಂಡಿಗೇ ಮರಿ ಹೆಚ್ಚು. ತಂಗಿಯ ಲೋಳೆನೀರಿನಲ್ಲಿ ಅಣ್ಣನ ವೀರ್ಯಾಣುವಿನ ಓಟ ಕುಗ್ಗುತ್ತಿತ್ತು.

ನಮಗೇನು ಇದರಿಂದ ಅಂತೀರಾ? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಕೆರೆಗೆ ನಾವು ಬಿಡುವ ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮರಿ ಮಾಡವು. 1957ರಲ್ಲಿ ಹೀರಾಲಾಲ್ ಚೌಧುರಿಯವರು ಒರಿಸ್ಸಾದಲ್ಲಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಜಾತಿಯ ಗೆಂಡೆಗಳಿಂದ ಮೊಟ್ಟೆ ಬಿಡಿಸಿದರು. ಅಲ್ಲಿಂದೀಚೆಗೆ ಜೋಡಿ ಕಟ್ಟುವವರು ನಾವೇ. ತೊಟ್ಟಿಯಲ್ಲಿರುವ ಗಂಡೆಲ್ಲ ಒಡಹುಟ್ಟಿದವೇ ಆದರೆ, ಹೆಣ್ಣು ತಾನೇ ಯಾವುದನ್ನು ಆರಿಸೀತು?

ಕರ್ನಾಟಕದ ಮರಿ ಕೇಂದ್ರಗಳನ್ನು ಕುರಿತ ಅಧ್ಯಯನವೊಂದು 1990ರಲ್ಲಿ ಅಚ್ಚಾಯಿತು. ಒಳಸಂಬಂಧ ತಲೆಮಾರಿಗೆ ನೂರಕ್ಕೆ 2ರಿಂದ 17ರವರೆಗೆ ಏರುತ್ತಿದೆ ಎಂದು ಅದು ಲೆಕ್ಕ ಹಾಕಿತು. ಇಂಥ ಮರಿ ಬೇಗ ಬೆಳೆಯದು. ಸೊಟ್ಟ ಬೆನ್ನಿನವು, ಸಾಯುವವು ಹೆಚ್ಚು. ಕರುವನ್ನು ಬೆಳೆಸಿ ಅದರ ತಾಯಿಗೇ ಹೋರಿಯಾಗಿ ಬಿಡ್ತೀವಾ? ಇಲ್ಲಿ ಮಾತ್ರ ಗೊತ್ತಿಲ್ಲದೆ ಅದನ್ನೇ ಮಾಡ್ತೀವಿ.

ಮರಿ ಕೊಳ್ಳುವಾಗ ತಾಯಿಮೀನು ಎಲ್ಲಿಯದು, ಗಂಡು ಎಲ್ಲಿಯದು ಅಂತ ಸಂಕೋಚವಿಲ್ಲದೆ ಕೇಳಿ. ನೀವೇ ತಳಿಮೀನು ಸಾಕುವುದಾದರೆ ಹೆಣ್ಣು ಒಂದು ಕಡೆಯಿಂದ, ಗಂಡು ದೂರದ ಇನ್ನೊಂದು ಕಡೆಯಿಂದ ತನ್ನಿ. ಒಂದೇ ಗಂಡನ್ನು ಹತ್ತು ಹೆಣ್ಣಿಗೆ ಬಳಸಬೇಡಿ. ದಪ್ಪಗಿದೆ ಅಂತ ಒಂದೇ ಸೂಲಿನ ಮರಿಗಳನ್ನೇ ಮುಂದಿನ ತಳಿಗೆ ಉಳಿಸಿಕೊಳ್ಳಲೂ ಬೇಡಿ.